ಬರದ ವರ್ಷದ ಪಾಲು

ಕೆರೆ ಕೋಡಿ ಬಿದ್ದ ವರ್ಷ ಯಾವ ಊರಿನಲ್ಲೂ ನೀರಿನ ತಕರಾರು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ತಲೆಗದ್ದೆಯವನು ರಾತ್ರಿಯೆಲ್ಲ ಮಡೆ ತೆಗೆದಿಟ್ಟು ಮಲಗಿದರೂ ಕೊನೆಗದ್ದೆಗೆ ನೀರು ಹರಿದೇ ಹರಿಯುತ್ತದೆ. ಕೆರೆ ಅರ್ಧಕ್ಕೆ ನಿಂತ ವರ್ಷದ ಮಾತು ಬೇರೆ. ಆಗ ಅದೇ ಮಡೆಯ ಬಳಿ ಗುದ್ದಲಿ ಹಿಡಿದು ಎದುರುಬದುರು ನಿಲ್ಲುವವರು ಎಷ್ಟೋ ಸಲ ಒಡಹುಟ್ಟಿದವರೇ ಆಗಿರುತ್ತಾರೆ.

ಊರ ಮಡೆಗೆ ಹೇಳಿದ ಈ ಮಾತು ಎರಡು ರಾಜ್ಯಗಳ ನಡುವಿನ ಹೊಳೆಗೂ ಸಲ್ಲುತ್ತದೆ, ಎರಡು ದೇಶಗಳ ನಡುವಿನ ಹೊಳೆಗೂ ಸಲ್ಲುತ್ತದೆ. ಶಾಂತಿ, ನ್ಯಾಯ, ನೆಲಜಲದ ಉಳಿವು ಎಂದು ದೊಡ್ಡ ಸಭೆಗಳಲ್ಲಿ ಬೇರೆಬೇರೆಯಾಗಿ ಭಾಷಣವಾಗುವ ಮೂರು ವಿಷಯಗಳೂ ರೈತನಿಗೆ ಒಟ್ಟಿಗೆ ಎದುರಾಗುವುದು ನೀರು ಸಾಲದ ವರ್ಷದಲ್ಲಿ. ಆ ವರ್ಷ ಯಾರಿಗೆ ಎಷ್ಟು ಎಂಬುದನ್ನು ನೀರು ಇದ್ದಾಗಲೇ ಗೊತ್ತುಮಾಡಿಟ್ಟುಕೊಂಡವರು ಯಾರು, ಹೇಗೆ ಮಾಡಿದರು, ಎಲ್ಲಿ ಎಡವಿದರು ಎಂಬುದನ್ನು ಈ ವಾರ ನೋಡೋಣ.

ನಮ್ಮ ಕೆರೆಯ ಹಳೆಯ ಲೆಕ್ಕ

ನಮ್ಮ ರಾಜ್ಯದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ. ಕೋಲಾರ, ತುಮಕೂರು ಕಡೆಯ ಹಿರಿಯ ರೈತರನ್ನು ಕೇಳಿದರೆ ‘ದಾಮಾಷ’ ಎಂಬ ಮಾತು ಇಂದಿಗೂ ಅವರ ಬಾಯಿಂದ ಬರುತ್ತದೆ. ಕಿರಿಯರಿಗೆ ಅದು ಮರೆತಿದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮಳೆಗಾಲ ಕಳೆದ ಮೇಲೆ ಅಚ್ಚುಕಟ್ಟುದಾರರೆಲ್ಲ ಏರಿಯ ಮೇಲೆ ಸೇರುತ್ತಿದ್ದರು. ಕೆರೆಯಲ್ಲಿ ನಿಂತ ನೀರು ನೋಡಿ, ಇದು ಅಚ್ಚುಕಟ್ಟಿನ 100 ಎಕರೆಗೂ ಸಾಲದು, 40 ಎಕರೆಗೆ ಆದೀತು ಎಂದು ಹಿರಿಯರು ಅಂದಾಜು ಮಾಡುತ್ತಿದ್ದರು. ಆ 40 ಎಕರೆಯನ್ನು ತೂಬಿಗೆ ಹತ್ತಿರದ ಜಮೀನಿನಲ್ಲೇ ಗುರುತಿಸಿ, ಆ ಒಂದು ಬೆಳೆಯ ಮಟ್ಟಿಗೆ ಎಲ್ಲ ಅಚ್ಚುಕಟ್ಟುದಾರರಿಗೂ ಅವರವರ ಹಿಡುವಳಿಯ ಪ್ರಮಾಣದಲ್ಲಿ ತುಂಡು ಹಾಕಿ ಕೊಡುತ್ತಿದ್ದರು. ಎರಡೂವರೆ ಎಕರೆಯವನಿಗೆ ಒಂದು ಎಕರೆ, ಹತ್ತು ಗುಂಟೆಯವನಿಗೆ ನಾಲ್ಕು ಗುಂಟೆ. ಕೊನೆಗದ್ದೆಯವನು ಆ ವರ್ಷ ತಲೆಗದ್ದೆಯವನ ಹೊಲದಲ್ಲಿ ಬೆಳೆ ಇಡುತ್ತಿದ್ದ. ಬೆಳೆ ಕೊಯ್ದ ಮೇಲೆ ಜಮೀನು ಮತ್ತೆ ಅದರ ಒಡೆಯನಿಗೆ.

ಇದರಲ್ಲಿರುವ ಜಾಣತನ ಗಮನಿಸಿ. ಅರೆಬರೆ ನೀರನ್ನು ಕಾಲುವೆಯ ತುದಿಯವರೆಗೂ ಎಳೆದುಕೊಂಡು ಹೋದರೆ ದಾರಿಯಲ್ಲೇ ಮಣ್ಣು ಕುಡಿದು ಮುಗಿಸುತ್ತದೆ. ತೂಬಿನ ಬುಡದಲ್ಲೇ ಬೆಳೆದರೆ ಆ ನಷ್ಟವಿಲ್ಲ. ಇನ್ನು ಎಲ್ಲರ ಬೆಳೆಯೂ ಒಂದೇ ಕಡೆ ಇರುವುದರಿಂದ ಕದ್ದು ನೀರು ಕಟ್ಟುವುದಕ್ಕೆ ಅವಕಾಶವೂ ಇಲ್ಲ, ಕಾರಣವೂ ಇಲ್ಲ. ನಮ್ಮ ಕಾಲೇಜಿನ ಪುಸ್ತಕಗಳಲ್ಲಿ ನೀರಿನ ಮಿತಬಳಕೆ ಎಂದು ಓದಿದ್ದನ್ನೂ ಹಂಚಿಕೆಯ ನ್ಯಾಯವನ್ನೂ ಒಂದೇ ಕಟ್ಟುಪಾಡಿನಲ್ಲಿ ಕಟ್ಟಿಟ್ಟವರು ಅಕ್ಷರ ಬಾರದ ನಮ್ಮ ಹಿರಿಯರು.

ತೂಬು ತೆಗೆದು ಮುಚ್ಚಿ, ಸರದಿ ನೋಡಿ ನೀರು ಬಿಡುವ ಕೆಲಸ ನೀರುಗಂಟಿಯದು. ಅವನಿಗೆ ಇನಾಂ ಜಮೀನು ಇರುತ್ತಿತ್ತು, ಇಲ್ಲವೆ ಕಣದಲ್ಲಿ ಆಯ ಸಿಗುತ್ತಿತ್ತು. ಸಾಮಾನ್ಯವಾಗಿ ಈ ಕೆಲಸ ದಲಿತ ಕುಟುಂಬಗಳ ಪಾಲಿಗೆ ಬಂದಿತ್ತು. ಕರ್ನಾಟಕ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ, 1961ರ ಪ್ರಕಾರ ವಂಶಪಾರಂಪರ್ಯ ಹುದ್ದೆಗಳು ಹೋದಾಗ ನೀರುಗಂಟಿಕೆಯೂ ಹೋಯಿತು. ಹುಟ್ಟಿನಿಂದ ಬಂದ ಚಾಕರಿ ಹೋದದ್ದು ಒಳ್ಳೆಯದೇ. ಆದರೆ ಆ ಕೆಲಸವನ್ನು ಸಂಬಳ ಕೊಟ್ಟು, ಮರ್ಯಾದೆ ಕೊಟ್ಟು ಯಾರಿಂದ ಮಾಡಿಸಬೇಕು ಎಂಬುದನ್ನು ಹೆಚ್ಚಿನ ಊರುಗಳು ಯೋಚಿಸಲಿಲ್ಲ. ತೂಬಿನ ಕೀಲಿ ಕೈ ಬಲವಿದ್ದವರ ಕೈಗೆ ಹೋಯಿತು.

ಹಿಂದಿನದೆಲ್ಲ ಚಿನ್ನ ಎನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ದಾಮಾಷದಲ್ಲಿ ಪಾಲು ಸಿಗುತ್ತಿದ್ದುದು ಅಚ್ಚುಕಟ್ಟಿನಲ್ಲಿ ಜಮೀನು ಇದ್ದವನಿಗೆ ಮಾತ್ರ. ಹೂಳು ಹೊತ್ತವರು, ಏರಿಗೆ ಮಣ್ಣು ಹಾಕಿದವರು, ನಾಟಿ ಹಾಕಿದ ಹೆಣ್ಣಾಳುಗಳು ಇವರಿಗೆ ನೀರಿನಲ್ಲಿ ಹಕ್ಕು ಇರಲಿಲ್ಲ. ಭೂಮಿಯಿಲ್ಲದವನಿಗೂ ನೀರಿನ ಪಾಲು ಉಂಟು ಎಂಬ ಮಾತು ಬಂದದ್ದು ಬೇರೆ ಕಡೆಯಿಂದ, ನೆರೆಯ ಮಹಾರಾಷ್ಟ್ರದಿಂದ.

ತಲೆಗೆ ಅರ್ಧ ಎಕರೆ

1972ರ ಬರ ಮಹಾರಾಷ್ಟ್ರವನ್ನು ಹಣ್ಣು ಮಾಡಿತ್ತು. ಲಕ್ಷಾಂತರ ಜನ ಬರ ಪರಿಹಾರದ ಕಾಮಗಾರಿಗಳಲ್ಲಿ ಕಲ್ಲು ಒಡೆಯುತ್ತಿದ್ದರು. ಪುಣೆಯಲ್ಲಿ ಕೈಗಾರಿಕೆ ನಡೆಸುತ್ತಿದ್ದ ಎಂಜಿನಿಯರ್ ವಿಲಾಸರಾವ್ ಸಾಳುಂಖೆ ಅದನ್ನು ಕಂಡು, ಪುರಂದರ ತಾಲ್ಲೂಕಿನ ನಾಯಗಾಂವ್ ಎಂಬ ಹಳ್ಳಿಯಲ್ಲಿ ದೇವಸ್ಥಾನಕ್ಕೆ ಸೇರಿದ ಸುಮಾರು 40 ಎಕರೆ ಬರಡು ಜಮೀನನ್ನು ಗುತ್ತಿಗೆಗೆ ಪಡೆದು ಪ್ರಯೋಗಕ್ಕೆ ಇಳಿದರು. ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿದರು, ತಗ್ಗಿನಲ್ಲಿ ಜಿನುಗು ಕೆರೆ ಕಟ್ಟಿದರು, ಅದರ ಕೆಳಗೆ ಬಾವಿ ತೋಡಿದರು. ಬಿದ್ದ ಮಳೆಯನ್ನು ಬಿದ್ದಲ್ಲೇ ಹಿಡಿದರೆ ಮಳೆ ಕಡಿಮೆಯ ಸೀಮೆಯಲ್ಲೂ ಬೆಳೆ ತೆಗೆಯಬಹುದು ಎಂಬುದು ಅಲ್ಲಿ ಖಾತ್ರಿಯಾಯಿತು. ಅಷ್ಟು ಕೆಲಸ ನಮ್ಮ ಇಲಾಖೆಗಳೂ ಮಾಡಿವೆ. ಸಾಳುಂಖೆಯವರು ಮುಂದೆ ಕೇಳಿದ ಪ್ರಶ್ನೆ ದೊಡ್ಡದು: ಹೀಗೆ ಹಿಡಿದ ನೀರು ಯಾರದು?

ಅವರ ‘ಪಾಣಿ ಪಂಚಾಯತ್’ ಕೊಟ್ಟ ಉತ್ತರವನ್ನು ಇಂದಿಗೂ ಕೇಳಿದವರು ಮೊದಲು ಹುಬ್ಬೇರಿಸುತ್ತಾರೆ. ನೀರಿನ ಪಾಲು ಜಮೀನಿನ ಲೆಕ್ಕಕ್ಕಲ್ಲ, ಮನೆಯಲ್ಲಿರುವ ತಲೆ ಲೆಕ್ಕಕ್ಕೆ. ಒಬ್ಬರಿಗೆ ಅರ್ಧ ಎಕರೆಗೆ ಆಗುವಷ್ಟು ನೀರು, ಒಂದು ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಗೆ. ಇಪ್ಪತ್ತು ಎಕರೆ ಇದ್ದರೂ ಅಷ್ಟೇ. ಉಳಿದದ್ದು ಮಳೆ ನಂಬಿ ಬೆಳೆದುಕೊಳ್ಳಬೇಕು. ಜಮೀನಿಲ್ಲದ ಕುಟುಂಬಕ್ಕೂ ಪಾಲು ಉಂಟು. ಜಮೀನು ಮಾರಿದರೆ ನೀರಿನ ಹಕ್ಕು ಅದರ ಜೊತೆ ಹೋಗುವುದಿಲ್ಲ, ಪಂಚಾಯತ್‌ಗೆ ವಾಪಸು. ಕಬ್ಬಿನಂಥ ನೀರುಬಾಕ ಬೆಳೆ ಇಡಕೂಡದು. ಏತ ನೀರಾವರಿಯ ಖರ್ಚಿನಲ್ಲಿ ನೂರಕ್ಕೆ 20 ಪಾಲನ್ನು ಫಲಾನುಭವಿಗಳೇ ಹಾಕಬೇಕು. ಸರದಿ ನೋಡಿ ನೀರು ಬಿಡಲು ‘ಪಾಟಕರಿ’ ಎಂಬ ಆಳನ್ನು ಅವರೇ ನೇಮಿಸಿಕೊಂಡು ಸಂಬಳ ಕೊಡಬೇಕು. ನಮ್ಮ ನೀರುಗಂಟಿಯೇ ಈ ಪಾಟಕರಿ. ಹುಟ್ಟಿನಿಂದ ಬಂದ ಚಾಕರಿಯ ಬದಲು ಊರು ನೇಮಿಸಿದ ನೌಕರಿ ಎಂಬುದಷ್ಟೇ ವ್ಯತ್ಯಾಸ.

ಕಬ್ಬಿನ ನಿಷೇಧ ಏಕೆ ಎಂದು ಮಂಡ್ಯದ ಕಡೆಯ ರೈತರು ಕೇಳಿಯಾರು. ಲೆಕ್ಕ ನೋಡಿ. ಒಂದು ಎಕರೆಗೆ ಒಂದು ಅಂಗುಲ ನೀರು ಕಟ್ಟಲು ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಹೆಚ್ಚೇ ಬೇಕು. ನೀರಾವರಿ ರಾಗಿಗೆ ಒಟ್ಟು 18 ಅಂಗುಲದ ಆಸುಪಾಸು ಸಾಕು. ಭತ್ತಕ್ಕೆ 48 ಅಂಗುಲದ ಸುಮಾರು ಬೇಕು. ಕಬ್ಬಿಗೆ ವರ್ಷವಿಡೀ ಸೇರಿ 80 ಅಂಗುಲದವರೆಗೂ ಹೋಗುತ್ತದೆ. ಕೊರತೆಯ ವರ್ಷ ಒಬ್ಬ ಒಂದು ಎಕರೆ ಕಬ್ಬು ಇಟ್ಟರೆ ನಾಲ್ಕು ಎಕರೆ ರಾಗಿಯ ನೀರು ಅಲ್ಲಿಗೆ ಹೋಯಿತು. ತಲೆಗೆ ಅರ್ಧ ಎಕರೆಯ ಮಾತು ನಿಲ್ಲಬೇಕಾದರೆ ಬೆಳೆಯ ಕಟ್ಟಳೆ ಇರಲೇಬೇಕು. ಇಲ್ಲದಿದ್ದರೆ ಅದು ಬರೀ ಕಾಗದದ ನ್ಯಾಯ.

ಈ ಯೋಜನೆಗಳೆಲ್ಲ ಉಳಿದವೇ ಎಂದರೆ, ಇಲ್ಲ. ಕೆಲವು ಕಡೆ ವಿದ್ಯುತ್ ಬಿಲ್ಲಿನ ಭಾರ, ಕೆಲವು ಕಡೆ ನೀರಿನ ಮೂಲವೇ ಬತ್ತಿದ್ದು, ಇನ್ನು ಕೆಲವು ಕಡೆ ಕಬ್ಬಿನ ಆಸೆ ಇವುಗಳಿಂದ ಎಷ್ಟೋ ನಿಂತುಹೋದವು. ಸಾಳುಂಖೆಯವರು 2002ರಲ್ಲಿ ತೀರಿಕೊಂಡರು.

ಆಡು ಬಿಟ್ಟ ಕಥೆ

ಭೂಮಿಯಿಲ್ಲದವನಿಗೆ ನೀರಿನ ಪಾಲು ಕೊಡುವುದು ಧರ್ಮದ ಮಾತು, ಅದರಿಂದ ಕೆರೆಗೇನು ಲಾಭ ಎಂದು ನನ್ನನ್ನು ಒಂದು ಸಭೆಯಲ್ಲಿ ಕೇಳಿದ್ದರು. ಅದಕ್ಕೆ ಹರಿಯಾಣದ ಸುಖೋಮಾಜ್ರಿಯನ್ನು ನೋಡಬೇಕು.

ಚಂಡೀಗಢ ನಗರಕ್ಕೆಂದು 1958ರಲ್ಲಿ ಕಟ್ಟಿದ ಸುಖನಾ ಕೆರೆ ಬೇಗಬೇಗನೆ ಹೂಳು ತುಂಬಿಕೊಳ್ಳುತ್ತಿತ್ತು. ಹೂಳು ಬರುತ್ತಿದ್ದುದು ಮೇಲಿನ ಶಿವಾಲಿಕ್ ಗುಡ್ಡಗಳಿಂದ. ಸುಖೋಮಾಜ್ರಿಯ ಜನ ಆಡು, ದನ ಮೇಯಿಸಿ ಗುಡ್ಡ ಬೋಳಾಗಿತ್ತು. ಮೇಯಿಸಬೇಡಿ ಎಂದು ಅರಣ್ಯದವರು ಹೇಳಿದರೆ ಕೇಳುವವರು ಯಾರು? ಮಣ್ಣು ಮತ್ತು ನೀರು ಸಂರಕ್ಷಣೆಯ ಕೇಂದ್ರ ಸಂಶೋಧನಾ ಸಂಸ್ಥೆಯ ಚಂಡೀಗಢ ಕೇಂದ್ರದಲ್ಲಿದ್ದ ಪಿ. ಆರ್. ಮಿಶ್ರಾ ಅವರು 1976ರಲ್ಲಿ ಅಲ್ಲೊಂದು ಮಣ್ಣಿನ ಒಡ್ಡು ಕಟ್ಟಿಸಿದರು. ಊರಿಗೆ ನೀರು ಬಂತು. ಆದರೆ ಹೊಲ ಇದ್ದವರಿಗೆ ಮಾತ್ರ ಬಂತು. ಹೊಲವಿಲ್ಲದವರು, ನಮಗೇನು ಬಂತು, ನಾವೇಕೆ ಗುಡ್ಡ ಬಿಡಬೇಕು ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗಂತೂ ಆಗುವುದಿಲ್ಲ.

ಆಗ ಊರು ಒಂದು ತೀರ್ಮಾನಕ್ಕೆ ಬಂತು. ಹೊಲ ಇರಲಿ, ಬಿಡಲಿ, ಪ್ರತಿ ಮನೆಗೂ ನೀರಿನಲ್ಲಿ ಸಮಪಾಲು. ಹೊಲವಿಲ್ಲದವನು ತನ್ನ ಪಾಲನ್ನು ಇನ್ನೊಬ್ಬರಿಗೆ ಮಾರಬಹುದು. ಆ ಮೇಲೆ ಗುಡ್ಡಕ್ಕೆ ಬೇಲಿ ಬೇಕಾಗಲಿಲ್ಲ, ಜನರೇ ಬೇಲಿಯಾದರು. ಆಡು ಬಿಟ್ಟು ಎಮ್ಮೆ ಕಟ್ಟಿದರು, ಹುಲ್ಲು ಕೊಯ್ದು ತಂದು ಹಾಕಿದರು. ಗುಡ್ಡದಲ್ಲಿ ಬೆಳೆದ ಹಗ್ಗದ ಹುಲ್ಲು ಊರಿಗೆ ಆದಾಯ ತಂದಿತು. ಕೆಳಗೆ ಸುಖನಾ ಕೆರೆಗೆ ಹೋಗುವ ಹೂಳು ಕಡಿಮೆಯಾಯಿತು. ನಗರದ ಕೆರೆಯ ಹೂಳಿಗೆ ಮದ್ದು ಹಳ್ಳಿಯ ಭೂಹೀನನ ಪಾಲಿನಲ್ಲಿ ಸಿಕ್ಕಿತು. ನಮ್ಮಲ್ಲಿ ಕೆರೆಯ ಹೂಳೆತ್ತಲು ಲಕ್ಷಗಟ್ಟಲೆ ಖರ್ಚು ಮಾಡುವಾಗ, ಆ ಹೂಳು ಬರುವ ಗೋಮಾಳದಲ್ಲಿ ಕುರಿ ಮೇಯಿಸುವವರನ್ನು ಯಾರೂ ಸಭೆಗೆ ಕರೆಯುವುದಿಲ್ಲ.

ಕಾವೇರಿಯ ಎರಡು ದಡ

ಇನ್ನು ನಮ್ಮ ಮನೆಯ ಮಾತು. ಕಾವೇರಿ ನೀರಿಗಾಗಿ ಮೈಸೂರು, ಮದರಾಸು ನಡುವೆ 1892ರಲ್ಲಿ ಮತ್ತು 1924ರಲ್ಲಿ ಒಪ್ಪಂದಗಳಾದವು. 1990ರಲ್ಲಿ ನ್ಯಾಯಮಂಡಳಿ ರಚನೆಯಾಯಿತು. 1991ರಲ್ಲಿ ಮಧ್ಯಂತರ ಆದೇಶ ಬಂದಾಗ ಬೆಂಗಳೂರಿನಲ್ಲಿ ಜೀವಹಾನಿಯಾಯಿತು, ಮೈಸೂರು ಸೀಮೆಯಲ್ಲಿ ಕೂಲಿನಾಲಿ ಮಾಡಿಕೊಂಡಿದ್ದ ತಮಿಳು ಭಾಷಿಕರು ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. 2016ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು. ಈ ವರ್ಷಗಳನ್ನು ಗಮನಿಸಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಕನ್ನಂಬಾಡಿ ತುಂಬಿ, ಮೆಟ್ಟೂರೂ ತುಂಬಿದ ವರ್ಷ ಎರಡೂ ಕಡೆಯವರಿಗೆ ಕಾವೇರಿ ತಾಯಿಯೇ. ಜಗಳ ಹೊತ್ತಿಕೊಳ್ಳುವುದು ಮಳೆ ಕೈಕೊಟ್ಟಾಗ.

2002ರಲ್ಲಿ ಮಳೆ ಕೈಕೊಟ್ಟ ಮೇಲೆ ಒಂದು ಒಳ್ಳೆಯ ಕೆಲಸ ನಡೆಯಿತು. ಅದು ಪತ್ರಿಕೆಗಳಲ್ಲಿ ಬಂದದ್ದು ಗಲಭೆಯ ಸುದ್ದಿಯಷ್ಟು ದೊಡ್ಡದಾಗಿ ಅಲ್ಲ. ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ಸ್ಟಡೀಸ್‌ನ ಅರ್ಥಶಾಸ್ತ್ರಜ್ಞ ಎಸ್. ಜನಕರಾಜನ್ ಅವರ ಮುತುವರ್ಜಿಯಿಂದ 2003ರಲ್ಲಿ ಎರಡೂ ರಾಜ್ಯಗಳ ರೈತರು ಚೆನ್ನೈನಲ್ಲಿ ಕೂಡಿ ಕುಳಿತರು. ‘ಕಾವೇರಿ ಕುಟುಂಬ’ ಎಂದು ತಮಗೆ ತಾವೇ ಹೆಸರಿಟ್ಟುಕೊಂಡರು. ಬಳಿಕ ಬೆಂಗಳೂರಿನಲ್ಲೂ ಸೇರಿದರು. ಅಲ್ಲಿಯವರು ಇಲ್ಲಿಯ ಹೊಲ ನೋಡಿದರು, ಇಲ್ಲಿಯವರು ಅಲ್ಲಿಯ ಬಯಲು ನೋಡಿದರು. ಸಾಲ, ಕೂಲಿ, ಒಣಗಿದ ಪೈರು, ಎರಡೂ ಕಡೆ ಒಂದೇ ಎಂಬುದು ಕಣ್ಣಿಗೆ ಬಿತ್ತು. ಅವರು ಹಿಡಿದು ಕುಳಿತ ಮುಖ್ಯ ಪ್ರಶ್ನೆ ಸಂಕಷ್ಟದ ವರ್ಷದ ಪಾಲು ಹೇಗೆ ಎಂಬುದೇ.

2007ರ ಫೆಬ್ರವರಿಯಲ್ಲಿ ಬಂದ ನ್ಯಾಯಮಂಡಳಿಯ ಅಂತಿಮ ತೀರ್ಪು, ಸಾಮಾನ್ಯ ವರ್ಷಕ್ಕೆ 740 ಟಿ.ಎಂ.ಸಿ. ನೀರಿನ ಲೆಕ್ಕ ಹಾಕಿ ಹಂಚಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಅದನ್ನು ತಿದ್ದಿ, ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25, ಕೇರಳಕ್ಕೆ 30, ಪುದುಚೇರಿಗೆ 7 ಟಿ.ಎಂ.ಸಿ. ಎಂದು ನಿಗದಿ ಮಾಡಿತು. ಆ ವರ್ಷವೇ ನಿರ್ವಹಣಾ ಪ್ರಾಧಿಕಾರವೂ ಬಂತು. ನೀರು ಕಡಿಮೆಯಾದ ವರ್ಷ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಇಳಿಯಬೇಕು ಎಂದು ನ್ಯಾಯಮಂಡಳಿ ಹೇಳಿದೆ. ಓದಿದಾಗ ನನಗೆ ನೆನಪಾದದ್ದು ಕೋಲಾರದ ದಾಮಾಷ. ವ್ಯತ್ಯಾಸ ಇರುವುದು ಒಂದು ಕಡೆ. ಏರಿಯ ಮೇಲೆ ನಿಂತವರಿಗೆ ಕೆರೆಯ ನೀರು ಕಾಣುತ್ತಿತ್ತು, ಎದುರಿಗಿರುವವನ ಮುಖವೂ ಕಾಣುತ್ತಿತ್ತು. ನದಿಯ ವಿಷಯದಲ್ಲಿ ಕೊರತೆ ಎಷ್ಟು, ಅದನ್ನು ಯಾವ ತಿಂಗಳಿನಲ್ಲಿ ಲೆಕ್ಕ ಹಿಡಿಯಬೇಕು ಎಂಬಲ್ಲೇ ವಾದ ಶುರುವಾಗುತ್ತದೆ. 2023ರಲ್ಲಿ ಮುಂಗಾರು ಹಿಂದೆಗೆದಾಗ ಮತ್ತೆ ಬಂದ್, ಮತ್ತೆ ಕೋರ್ಟು. ಕೊರತೆ ವರ್ಷದ ಲೆಕ್ಕ ಇಂಥ ತಿಂಗಳಿಗೆ ಇಂಥಷ್ಟು ಎಂದು ಎರಡೂ ಕಡೆಯವರು ಒಪ್ಪುವಂತೆ ಬರೆದಿಡುವವರೆಗೆ ಇದು ತಪ್ಪುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹೊಳೆ ಹಂಚಿದರು, ದಡ ಹಂಚಲಿಲ್ಲ

ದೇಶದೇಶಗಳ ನಡುವಿನ ಮಾತಿಗೆ ಪಶ್ಚಿಮ ಆಫ್ರಿಕಕ್ಕೆ ಹೋಗೋಣ. ದೂರದ ಊರಾದರೂ ಅಲ್ಲಿನ ಬೇಸಾಯ ನಮಗೆ ಅಪರಿಚಿತವಲ್ಲ. ಸೆನೆಗಾಲ್ ನದಿಯ ನೆರೆ ಇಳಿಯುತ್ತಿದ್ದಂತೆ ಹಸಿ ಮೆಕ್ಕಲು ಮಣ್ಣಿನಲ್ಲಿ ರೈತರು ಜೋಳ ಬಿತ್ತುತ್ತಾರೆ. ಕೊಯ್ಲಾದ ಮೇಲೆ ಕೂಳೆ ಮೇಯಲು ದನಗಾಹಿಗಳು ಬರುತ್ತಾರೆ, ಹೊಲಕ್ಕೆ ಗೊಬ್ಬರ ಬೀಳುತ್ತದೆ. ನಮ್ಮಲ್ಲಿ ಕುರಿ ಮಂದೆ ನಿಲ್ಲಿಸಿಕೊಳ್ಳುವ ಹಾಗೆಯೇ.

ಈ ನದಿಗೆ ಸಂಬಂಧಪಟ್ಟ ಮಾಲಿ, ಮಾರಿಟೇನಿಯ, ಸೆನೆಗಾಲ್ ದೇಶಗಳು 1972ರಲ್ಲಿ ಸೇರಿ ಒಂದು ನದಿ ಸಂಸ್ಥೆ ಕಟ್ಟಿದವು. ಅಣೆಕಟ್ಟು ಯಾರ ನೆಲದಲ್ಲಿದ್ದರೂ ಮೂವರಿಗೂ ಸೇರಿದ ಜಂಟಿ ಆಸ್ತಿ ಎಂದು ಒಪ್ಪಿದವು. ಸಮುದ್ರದ ಉಪ್ಪುನೀರು ತಡೆಯಲು ಡಯಾಮಾ 1986ರಲ್ಲಿ, ನೀರು ಶೇಖರಿಸಲು ಮಾಲಿಯ ಮನಂತಾಲಿ 1988ರಲ್ಲಿ ಮುಗಿದವು. ಜಗತ್ತಿನಲ್ಲಿ ಇಂಥ ಒಪ್ಪಂದ ವಿರಳ, ಮೆಚ್ಚತಕ್ಕದ್ದೇ.

ಆದರೆ ನೀರಾವರಿ ಬರುತ್ತದೆ ಎಂದೊಡನೆ ದಡದ ನೆಲಕ್ಕೆ ಬೆಲೆ ಬಂತು. ಮಾರಿಟೇನಿಯ 1983ರಲ್ಲಿ ಭೂಮಿಯ ಕಾನೂನು ಬದಲಿಸಿತು. ತಲೆತಲಾಂತರದಿಂದ ಉಳುತ್ತಿದ್ದವರ ಹಕ್ಕು ಸಡಿಲವಾಯಿತು, ನಗರದ ಹಣವಂತರು ದಡಕ್ಕೆ ಬಂದರು. 1989ರ ಏಪ್ರಿಲ್‌ನಲ್ಲಿ ದನ ಮೇಯಿಸುವ ವಿಚಾರಕ್ಕೆ ನದಿಯ ದಡದಲ್ಲಿ ಜಗಳವಾಗಿ ಇಬ್ಬರು ಸತ್ತರು. ನಮ್ಮಲ್ಲಿ ಪಂಚಾಯಿತಿ ಕಟ್ಟೆಯಲ್ಲಿ ತೀರುವಂಥ ವ್ಯಾಜ್ಯ ಅದು. ಅಲ್ಲಿ ಅದು ಎರಡೂ ದೇಶಗಳ ರಾಜಧಾನಿಗಳಲ್ಲಿ ಗಲಭೆಯಾಯಿತು, ನೂರಾರು ಜನ ಸತ್ತರು, ದಡದಲ್ಲಿ ಉಳುತ್ತಿದ್ದ ಸಾವಿರಾರು ಕುಟುಂಬಗಳನ್ನು ಮಾರಿಟೇನಿಯದಿಂದ ಹೊಳೆಯಾಚೆಗೆ ಅಟ್ಟಿದರು. ಎರಡು ದೇಶಗಳ ನಡುವೆ 1992ರವರೆಗೆ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ. ನದಿ ಸಂಸ್ಥೆ ಮಾತ್ರ ಮುರಿಯಲಿಲ್ಲ, ಅದು ಕೆಲಸ ಮಾಡುತ್ತಲೇ ಇತ್ತು. ಆದರೆ ಹೊಲ ಕಳೆದುಕೊಂಡು ಹೊಳೆ ದಾಟಿದವರಿಗೆ ಅದರಿಂದ ಏನು ಸಿಕ್ಕಿತು? ಅವರಲ್ಲಿ ಸುಮಾರು 24,000 ಜನ ವಿಶ್ವಸಂಸ್ಥೆಯ ನೆರವಿನಿಂದ ತವರಿಗೆ ಮರಳಿದ್ದು 2008 ಮತ್ತು 2012ರ ನಡುವೆ, ಇಪ್ಪತ್ತು ವರ್ಷದ ಬಳಿಕ.

ಮೇಲೆ ದೇಶಗಳ ನಡುವೆ ಒಪ್ಪಂದ ಎಷ್ಟೇ ಚೊಕ್ಕವಾಗಿದ್ದರೂ, ಕೆಳಗೆ ಉಳುವವನಿಗೂ ದನ ಕಾಯುವವನಿಗೂ ಪಾಲು ಗೊತ್ತಿಲ್ಲದಿದ್ದರೆ ಬೆಂಕಿ ಕೆಳಗಿನಿಂದಲೇ ಹತ್ತುತ್ತದೆ.

ಈ ವರ್ಷ ಏರಿಯ ಮೇಲೆ

ನಮ್ಮೂರಿನಲ್ಲಿ ಏನು ಮಾಡಬಹುದು ಎಂದು ಕೇಳುವವರಿಗೆ ಕೆಲವು ಮಾತು. ದೀಪಾವಳಿ ಕಳೆದ ವಾರವೇ ಅಚ್ಚುಕಟ್ಟುದಾರರ ಸಭೆ ಕರೆಯಿರಿ. ಬೀಜ ಚೆಲ್ಲಿದ ಮೇಲೆ ಸಭೆ ಸೇರಿದರೆ ಅದು ಜಗಳಕ್ಕೆ ಸೇರಿದ ಹಾಗೆ. 2002ರಿಂದ ಜಲ ಸಂವರ್ಧನೆ ಯೋಜನೆಯಲ್ಲಿ ಹಲವು ಕಡೆ ಕೆರೆ ಬಳಕೆದಾರರ ಸಂಘಗಳು ಆಗಿವೆ. ಹೆಸರಿಗೆ ಉಳಿದಿರುವ ಸಂಘವಿದ್ದರೆ ಅದಕ್ಕೇ ಜೀವ ತುಂಬಬಹುದು. ಇಲ್ಲದಿದ್ದರೆ ಗ್ರಾಮಸಭೆ ಇದ್ದೇ ಇದೆ.

ತೂಬಿನ ಕಲ್ಲುಕಂಬದ ಮೇಲೆ ಅಡಿಗೊಂದು ಗೆರೆ ಹಾಕಿ, ಬಣ್ಣ ಬಳಿಯಿರಿ. ನೀರು ಇಂಥ ಗೆರೆಗಿಂತ ಮೇಲಿದ್ದರೆ ಭತ್ತ, ಕೆಳಗಿದ್ದರೆ ರಾಗಿ ಇಲ್ಲವೆ ನೆಲಗಡಲೆ, ಅದಕ್ಕೂ ಕೆಳಗಿದ್ದರೆ ದಾಮಾಷ ಎಂದು ಮೊದಲೇ ತೀರ್ಮಾನಿಸಿಕೊಂಡರೆ ಆ ದಿನ ವಾದಕ್ಕೆ ಎಡೆಯಿಲ್ಲ, ಗೆರೆಯೇ ಹೇಳುತ್ತದೆ. ಒಂದು ಎಕರೆ ಭತ್ತದ ನೀರಿನಲ್ಲಿ ಎರಡೂವರೆ ಎಕರೆ ರಾಗಿ ಬರುತ್ತದೆ ಎಂಬುದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ.

ಬೋರು ಇರುವವರು ಬರುವುದಿಲ್ಲ ಎಂಬುದು ಎಲ್ಲ ಕಡೆಯ ದೂರು. ಒಬ್ಬ ಹಿರಿಯ ರೈತರು ನನಗೆ ಹೇಳಿದರು: “ಸಾರ್, ಬೋರು ಬಂದ ದಿನ ಅಣ್ಣ ತೂಬಿನ ಕಡೆ ತಲೆ ಹಾಕೋದು ಬಿಟ್ಟ. ಈಗ ಬೋರೂ ಬತ್ತಿದೆ, ಬರೋಕೆ ಮುಖ ಇಲ್ಲ ಅಂತಾನೆ.” ಅಂಥವರ ಮನೆಗೆ ಹೋಗಿ ಕರೆಯಿರಿ. ಕೆರೆ ತುಂಬಿದರೆ ತಾನೆ ಅಚ್ಚುಕಟ್ಟಿನ ಬೋರಿಗೆ ನೀರು. ಕುರಿ ಮೇಯಿಸುವವರನ್ನೂ, ಮೀನಿನ ಹರಾಜು ಹಿಡಿದವರನ್ನೂ, ಜಮೀನಿಲ್ಲದ ಕೂಲಿಕಾರರನ್ನೂ ಬಿಡಬೇಡಿ. ತಲೆ ಲೆಕ್ಕದ ನೀರು ಕೊಡಲು ಊರಿಗೆ ಇನ್ನೂ ಮನಸ್ಸಾಗದಿದ್ದರೆ, ಹೂಳೆತ್ತುವ ಕೂಲಿ, ಅಂಗಳದ ಮೇವು, ಮೀನಿನ ಹಣದಲ್ಲಿ ಅವರಿಗೆ ಒಂದು ಪಾಲು ಎಂದಾದರೂ ಬರೆಯಿರಿ. ಹೂಳು ತೆಗೆಯುವ ಮುನ್ನ ಕೆರೆ ಗ್ರಾಮ ಪಂಚಾಯಿತಿಯದೋ ಸಣ್ಣ ನೀರಾವರಿ ಇಲಾಖೆಯದೋ ನೋಡಿ ಅಪ್ಪಣೆ ಪಡೆಯುವುದು ಅಗತ್ಯ.

ನೀರು ಬಿಡುವವನಿಗೆ ಸಂಬಳ ಗೊತ್ತುಮಾಡಿ, ಎಕರೆಗೆ ಇಷ್ಟು ಎಂದು ಸುಗ್ಗಿಗೆ ಮೊದಲೇ ವಸೂಲು ಮಾಡಿ. ಆ ಕೆಲಸಕ್ಕೆ ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆ ಇಲ್ಲದವರನ್ನು ಆರಿಸುವುದು ವಾಸಿ, ಹೆಂಗಸರಾದರೂ ಆದೀತು. ತೀರ್ಮಾನಗಳನ್ನು ಪುಸ್ತಕದಲ್ಲಿ ಬರೆದು ಎಲ್ಲರ ರುಜು, ಹೆಬ್ಬೆಟ್ಟು ಹಾಕಿಸಿ, ಒಂದು ಪ್ರತಿಯನ್ನು ಪಂಚಾಯಿತಿ ಕಚೇರಿಗೆ ಕೊಟ್ಟು ಇನ್ನೊಂದನ್ನು ವಾಚನಾಲಯದ ಗೋಡೆಗೆ ಅಂಟಿಸಿ. ಬೆಳೆವಾರು ನೀರಿನ ಲೆಕ್ಕ ಹಾಕಲು ತಿಳಿಯದಿದ್ದರೆ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬಹುದು. ಹೋಗುವಾಗ ಕೆರೆಯ ಅಚ್ಚುಕಟ್ಟಿನ ಎಕರೆ, ತೂಬಿನ ಗೆರೆಯ ಮಟ್ಟ ಎರಡನ್ನೂ ಬರೆದುಕೊಂಡು ಹೋಗಿ.